ಇಮಾಮಬಿಯ ಏಪ್ರಿಲ್ ಒಂದು

ನಮ್ಮ ಆಫೀಸಿನಲ್ಲಿ ಹೊಸ ವರ್ಷಕ್ಕೆ ಬರವಿಲ್ಲ. ಜನವರಿಗೆ ಕೇಕು, ಯುಗಾದಿಗೆ ಬೇವು, ದೀಪಾವಳಿ ಪಾಡ್ಯಕ್ಕೆ ಸೂಪರ್ ಮಾರ್ಕೆಟ್ಟಿನ ಪೇಢೆ. ಎಲ್ಲದಕ್ಕೂ ಮೊದಲು ಕೈಯೊಡ್ಡುವವನು ನಾನೇ; ಗುತ್ತಿಗೆ ಟೈಪಿಸ್ಟನ ಸ್ವಾಭಿಮಾನ ಅವನ ಸಂಬಳದಷ್ಟೇ ಇರುತ್ತದೆ. ಗುತ್ತಿಗೆಯವರ ನಿಜವಾದ ಹೊಸ ವರ್ಷ ಏಪ್ರಿಲ್ ಎರಡು. ಸೇವೆ ಸತತವಾಗದಿರಲೆಂದು ಒಂದನೇ ತಾರೀಖು ನಮ್ಮನ್ನೆಲ್ಲ ಕೆಲಸದಿಂದ ತೆಗೆದಿರುತ್ತಾರೆ, ಎರಡಕ್ಕೆ ಪಟ್ಟಿಯಲ್ಲಿ ಹೆಸರಿದ್ದವರು ಮತ್ತೆ ಸೇರುತ್ತಾರೆ. ಹೀಗಾಗಿ ಹನ್ನೊಂದು ವರ್ಷ ಕಸ ಗುಡಿಸಿದ ಇಮಾಮಬಿಯೂ ಹೊಸಬಳೇ.

ಆಕೆ ನಮ್ಮ ಕಮಲಾಪುರದವಳು; ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ. ಆಫೀಸಿಗೆ ಹೋಗುವ ಕಲಬುರಗಿ ಬಸ್ಸಿನಲ್ಲಿ ಆ ಅರವತ್ತರ ಹೆಂಗಸು ಸೀಟು ಹಿಡಿಯುತ್ತಿದ್ದಳು, ಇಪ್ಪತ್ತಾರರ ನಾನು ಅದರಲ್ಲಿ ನಿದ್ದೆ ಹೊಡೆಯುತ್ತಿದ್ದೆ.

ಹೋದ ವರ್ಷ ಯುಗಾದಿ, ಮರುದಿನ ರಮಜಾನ್ ಹಬ್ಬ, ಅದರ ಮರುದಿನ ಏಪ್ರಿಲ್ ಒಂದು. ಆ ದಿನ ಧೂಳು ಕೂತೀತೆಂದು ಆಕೆ ಪ್ರತಿ ವರ್ಷ ಬಿಟ್ಟಿಯಾಗಿ ಬರುತ್ತಿದ್ದಳು. ಪಟ್ಟಿ ಟೈಪು ಮಾಡಲು ನನ್ನನ್ನೂ ಬಿಟ್ಟಿಯಾಗಿ ಕರೆದಿದ್ದರು.

“ಇವತ್ತ ನಾವಿಬ್ಬರೂ ಇಲ್ಲ ನೋಡಪ್ಪಾ,” ಎಂದು ನಗುತ್ತ ಹಬ್ಬದ ಶಾವಿಗೆ ಪಾಯಸ, ಶೀರ್ ಖುರ್ಮಾ, ಕೊಟ್ಟಳು.

ಪಟ್ಟಿಯಲ್ಲಿ ನನ್ನ ಹೆಸರಿತ್ತು. ಆಕೆಯದಿರಲಿಲ್ಲ, ಗುಡಿಸುವ ಕೆಲಸವನ್ನು ಏಜೆನ್ಸಿಗೆ ಕೊಟ್ಟಿದ್ದರು. ಹೇಳಲು ಬಾಯಿ ತೆರೆದೆ, ಖುರ್ಮಾ ಕುಡಿದೆ. ಆಕೆ ಮೂರೂ ಕೋಣೆ ಒರೆಸಿದಳು.

ಮರುದಿನ ಪಟ್ಟಿ ಗೋಡೆಗೆ ಬಂತು. ಆಕೆಗೆ ಉರ್ದು ಓದಲು ಬರುತ್ತದೆ, ಕನ್ನಡ ಬಾರದು.

“ನಂದು ಎಷ್ಟನೇದು, ನೀಲಕಂಠ?”

“ಇಲ್ಲ, ಖಾಲಾ.”

“ಚಷ್ಮಾ ಹಾಕ್ಕೊಂಡು ಬರೋಬರಿ ನೋಡು.”

“ನೋಡೀನ್ರಿ. ನಾನೇ ಟೈಪ್ ಮಾಡೀನಿ.”

“ಅಂದ್ರ ನಿನ್ನೇನೇ ಗೊತ್ತಿತ್ತೇನು? ಮತ್ತ ಮೂರು ಖೋಲಿ ಯಾಕ ಒರಸಾಕ ಹಚ್ಚಿದಿ?”

ಮಿನಿಟಿಗೆ ನಲವತ್ತು ಪದ ಹೊಡೆಯುವ ನಾನು ಪಟ್ಟಿಯ ಮೂಲೆಗೆ ಇನ್ನೊಂದು ಪಿನ್ನು ಹೊಡೆದೆ.

ಜೂನ್ ಕೊನೆಗೆ, ಮುಸ್ಲಿಮರ ಹೊಸ ವರ್ಷ ಶುರುವಾಯಿತೆಂದು ಮೊಬೈಲಿನಲ್ಲಿ ಓದಿದೆ. ತಪ್ಪಿಗೆ ತೇಪೆ ಹಚ್ಚಲು ಇದೇ ಮುಹೂರ್ತವೆಂದು ಮಿಠಾಯಿ ಕಟ್ಟಿಸಿಕೊಂಡು ಆಕೆಯ ಮನೆಗೆ ಹೋದೆ.

“ಹೊಸ ವರ್ಷ ಮುಬಾರಕ್, ಖಾಲಾ!”

“ಹುಚ್ಚಾ, ಮೊಹರಂ ಚಾಲೂ ಆಗ್ಯಾದ. ದುಃಖದ ತಿಂಗಳಿದು. ನಮ್ಮ ಮನ್ಯಾಗ ಮುಬಾರಕ್ ಅನ್ನಂಗಿಲ್ಲ, ಸಿಹಿ ಹಂಚಂಗಿಲ್ಲ.” ನಾನು ಕೊಟ್ಟ ಡಬ್ಬಿ ಹಿಡಿದುಕೊಂಡೇ ಕೇಳಿದಳು: “ಮುಂದಿನ ಏಪ್ರಿಲ್ ಪಟ್ಟಿದಾಗರ ನನ್ನ ಹೆಸರು ಬರ್ತದೇನು?”

ಈ ಸಲ ತಡಮಾಡದೆ ಹೇಳಿದೆ: “ಗುಡಿಸೋರ ಪಟ್ಟೀನೇ ಇರಂಗಿಲ್ಲ, ಖಾಲಾ.”

“ಹೂಂ,” ಎಂದು ಮಿಠಾಯಿ ಡಬ್ಬಿಯನ್ನು ನನ್ನ ಕೈಗೇ ವಾಪಸು ಕೊಟ್ಟಳು. ಒಳಗೆ ಬಂದು ಕೂಡು ಎನ್ನಲಿಲ್ಲ.