ಎತ್ತಿನ ಬಾನಿ ಎಳೆದ ಖತೀಜಾಬೀ

ಹೆಂಗಸಿಗೆ ಯಂತ್ರದ ತಲೆ ಎಲ್ಲಿಂದ ಬರ್ಬೇಕು ಅಂತ ಯಾರಾದ್ರೂ ಅಂದ್ರೆ ನನಗೆ ಮೈಯೆಲ್ಲ ಉರಿತೈತೆ. ಅವರು ಖತೀಜಾಬೀನ ನೋಡಿಲ್ಲ, ನಾನು ನೋಡೀನಿ. ದಾವಣಗೆರೆಯಾಗೆ ವಾಮದೇವಪ್ಪ ಸಾವ್ಕಾರ್ರ ಮಂಡಕ್ಕಿ ಭಟ್ಟಿ ಇತ್ತಲ್ಲ, ಅಲ್ಲಿ ನಾನು ಒಲೆ ಮುಂದೆ ಹುರಿಯೋಳು. ಆಕಿ ಬಾವಿಯಿಂದ ನೀರು ಸೇದಿ ಭತ್ತ ನೆನೆಸೋ ತೊಟ್ಟಿ ತುಂಬ್ಸೋಳು.

ಐವತ್ತೆಂಟನೇ ಇಸವಿ ಮಳೆಗಾಲದಾಗೆ ಬಾವಿಕಟ್ಟೆ ಮೇಲೆ ಜಾರಿ ಬಿದ್ದು ಆಕಿ ಬಲ ರಟ್ಟೆ ಮುರೀತು. ಪಟ್ಟಿ ಬಿಚ್ಚಿದ ಮೇಲೂ ಕೈ ಎದೆಮಟ್ಟಕ್ಕೆ ಏಳ್ಲಿಲ್ಲ. ಗಂಡ ತೀರಿಹೋಗಿದ್ದ, ಆಕಿ ದುಡಿದ್ರೇ ಮನೆಯಾಗೆ ಒಲೆ ಹೊತ್ತೋದು. ಸಾವ್ಕಾರ್ರು, “ಸೋಮವಾರ ಮಧ್ಯಾಹ್ನ ಗಿರಣಿ ಸೀಟಿ ಕೂಗೋದ್ರೊಳಗೆ ತೊಟ್ಟಿ ತುಂಬಿಸಿದ್ರೆ ಇರು. ಇಲ್ಲಾಂದ್ರೆ ಗಂಡಾಳು ಇಟ್ಕೋತೀನಿ” ಅಂದ್ಬಿಟ್ರು. ಅಯ್ಯೋ ಶಿವನೇ, ಒಂಟಿ ಕೈಯಾಗೆ ಅಷ್ಟು ದೊಡ್ಡ ತೊಟ್ಟಿ ತುಂಬ್ಸೋದುಂಟಾ!

ಭಟ್ಟಿ ಹಿಂದೆ ಒಂದು ಮುರುಕು ಗಾಡಿ ಬಿದ್ದಿತ್ತು. ಅದರ ಗಾಲಿ ನೋಡಿ ನೋಡಿ ಖತೀಜಾಬೀ ಹರಿಹರದ ಗಾಡಿ ಬಡಗಿ ಮೈಲಪ್ಪನ್ನ ಕರೆಸಿದ್ಲು.

“ಮೈಲಣ್ಣ, ಬಾವಿ ಮೇಲೆ ಅಡ್ಡಕ್ಕೊಂದು ದುಂಡು ಮರ ಕೂಡ್ಸು. ತುದಿಗೆ ಈ ಗಾಲಿ ಹಾಕು. ಗಾಲಿ ನಾನು ತಿರುಗಿಸ್ತೀನಿ, ಹಗ್ಗ ತಾನೇ ಮರಕ್ಕೆ ಸುತ್ಕೊಳ್ಲಿ.”

“ಮರ ಸಣ್ಣದು, ಗಾಲಿ ದೊಡ್ಡದು. ಭಾಳ ಹೊತ್ತು ಹಿಡಿತೈತೆ ತಂಗಿ.”

“ಹಿಡೀಲಿ ಬಿಡು, ಭಾರ ಹಗುರಾಗ್ತೈತಲ್ಲ. ಕೊಡ ಬ್ಯಾಡ, ಕಪಿಲೆ ಬಾನಿ ಕಟ್ಟೋಣು.”

ಕಪಿಲೆ ಬಾನಿ ಅಂದ್ರೆ ಎತ್ತು ಹೂಡಿ ಎಳಿಸೋ ತೊಗಲ ಚೀಲ! ಮೇಲೆ ಬಂದ್ರೆ ಬುಡದಾಗಿನ ಸೊಂಡ್ಲಿಂದ ತಾನೇ ನೀರು ಸುರೀತೈತೆ. ಆಕಿಗೆ ತಲೆ ಕೆಟ್ಟೈತೆ ಅಂದ್ಕೊಂಡೆ.

ಸೋಮವಾರ ಬೆಳಿಗ್ಗೆ ಎಲ್ಲರೂ ನೋಡ್ತಾ ನಿಂತ್ವಿ. ಖತೀಜಾಬೀ ಗಾಲಿ ತಿರುಗಿಸಿದ್ಲು. ಗಾಲಿ ಗರಗರ ತಿರುಗ್ತು, ಮರ ಅಲ್ಲಾಡ್ಲಿಲ್ಲ! ಮೈಲಪ್ಪ ಗಾಡಿ ಬಡಗಿ, ಕೈಚಾಳಿ ಬಿಡ್ತೈತಾ? ಗಾಡಿಯಾಗೆ ಅಚ್ಚು ನಿಂತಿರ್ತೈತೆ, ಗಾಲಿ ಮಾತ್ರ ತಿರುಗ್ತೈತೆ. ಇಲ್ಲೂ ಹಂಗೇ ಸಡಿಲ ಕೂಡ್ಸಿ, ಮೇಲೆ ಕೀಲೆಣ್ಣೆ ಬ್ಯಾರೆ ಹಚ್ಚಿದ್ದ, ಪುಣ್ಯಾತ್ಮ.

“ಗಾಳಿ ಬೀಸ್ಕೊಳ್ಳಾಕೆ ಚಲೋ ಐತೆ” ಅಂತ ಸಾವ್ಕಾರ್ರು ನಕ್ಕು ಒಳಗೆ ಹೋದ್ರು. ನನಗೆ ಅಳು ಬಂತು. ಆಕಿ ಅಳ್ಲಿಲ್ಲ. “ಬೆಣೆ ಹೊಡಿ ಮೈಲಣ್ಣ. ಗಾಲಿ ತಿರುಗಿದ್ರೆ ಮರಾನೂ ತಿರುಗಬೇಕು, ಎರಡೂ ಒಂದಾಗ್ಬೇಕು” ಅಂದ್ಲು. ನಾಕು ಬೆಣೆ ಬಿಗಿಯೋದ್ರೊಳಗೆ ಬಿಸಿಲು ಏರಿತ್ತು.

ಈ ಸಲ ಎಡಗೈಯಿಂದ ಗಾಲಿ ಎಳೆದ್ಲು, ಹಿಡಿ ಬದಲಿಸೋವಾಗ ಮೊಣಕಾಲು ಕೊಟ್ಟು ತಡೆದ್ಲು. ಮರ ಮೆಲ್ಲಗೆ ತಿರುಗ್ತು. ತುಂಬಿದ ಬಾನಿ ಮೇಲೆ ಬಂದು ತೊಟ್ಟಿಗೆ ಧೊಪ್ಪಂತ ಸುರೀತು. “ಭಲೆ ನನ್ನವ್ವ!” ಅಂತ ನಾನು ಕಿರುಚಿದೆ. ಒಲೆ ಮೇಲಿನ ಮಂಡಕ್ಕಿ ಸೀದದ್ದೂ ಗೊತ್ತಾಗ್ಲಿಲ್ಲ.

ಬಾನಿ ಮೇಲೆ ಬಾನಿ. ಸಾವ್ಕಾರ್ರು ಹೊರಗೆ ಬಂದಾಗ ನೀರು ಅವರ ಚಪ್ಪಲಿ ಮೇಲೆ ಹರೀತಿತ್ತು.

“ಸಾಕು ನಿಲ್ಸವ್ವ, ತೊಟ್ಟಿ ತುಂಬಿ ಚೆಲ್ತೈತೆ!”

ಆಕಿ ಇನ್ನೊಂದು ಬಾನಿ ಸುರಿದೇ ನಿಂತ್ಲು. “ಇದು ನಾಳೆದು ಸಾವ್ಕಾರ್ರೆ. ನಾಳೆನೂ ನಾನೇ ಅಲ್ವಾ?”

“ನೀನೇ ಕಣವ್ವ” ಅಂದ್ರು.

ಗಿರಣಿ ಕೂಗಿದ್ದು ಅದಾದ ಮೇಲೆ.