ತಮ್ಮನ ಸ್ನಾಯುವಿನ ಹಸಿರು ಚುಕ್ಕಿಗಳು

ಕಾಣದ ಎಡೆಯಲ್ಲಿದ್ದು ಕಾಯುವ ಶ್ರೀಮನ್ನಾರಾಯಣನಿಗೆ, ಅಕ್ಷರ ತಿದ್ದಿಸಿದ ಗುರುಗಳಿಗೆ, ಅರಿಯದ್ದನ್ನು ಅರಿಯೆನೆಂದು ಹೇಳುವ ವಿನಯವನ್ನು ಕಲಿಸಿದ ಹಿರಿಯರಿಗೆ ಮೊದಲು ನನ್ನ ಕೃತಜ್ಞತೆಯ ನಮಸ್ಕಾರ.

ನಾನು ಶ್ರೀರಂಗಪಟ್ಟಣದಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು. ನನ್ನ ತಮ್ಮ ಕಿಕ್ಕೇರಿಯ ಆಚೆ, ಪೂರ್ವಿಕರಿಂದ ಬಂದ ಗುಡಿಯ ಅರ್ಚಕ. ಯೌವನದಿಂದಲೂ ಅವನಿಗೊಂದು ತೊಂದರೆ. ವಿಶೇಷ ಪೂಜೆಯ ದಿನ ಉಪವಾಸವಿದ್ದು, ಕೊನೆಯಲ್ಲಿ ಸಿಹಿಪೊಂಗಲಿನ ಪ್ರಸಾದವನ್ನು ಹೊಟ್ಟೆತುಂಬ ಉಂಡು ಮಲಗುವುದು ನಮ್ಮ ಮನೆಯ ಪದ್ಧತಿ. ಮರುದಿನ ಎಚ್ಚರವಾದರೂ ಅವನ ಕೈಕಾಲು ಏಳುತ್ತಿರಲಿಲ್ಲ. ಮಧ್ಯಾಹ್ನದ ವೇಳೆಗೆ ತಾನಾಗಿ ಸರಿಹೋಗುತ್ತಿತ್ತು. ಉಪವಾಸದ ನಿತ್ರಾಣವೆಂದು ತಿಳಿದ ಮನೆಯವರು ಮಲಗಿದ್ದವನಿಗೇ ಉಳಿದ ಪೊಂಗಲನ್ನು ತಿನ್ನಿಸುತ್ತಿದ್ದರು.

ಈಚೆಗೆ ಅದು ಪದೇ ಪದೇ ಬರತೊಡಗಿತು. ಒಂದು ಮುಂಜಾನೆ ಗುಡಿಯ ಬಾಗಿಲನ್ನೇ ತೆರೆಯಲಾಗದಾಗ, ಪೂಜೆಯನ್ನು ಬೇರೆಯವರಿಗೆ ಒಪ್ಪಿಸುವ ಮಾತು ಊರಿನಲ್ಲಿ ಹುಟ್ಟಿತು. ಮೈಸೂರಿನ ವೈದ್ಯರು, ಅಂಥ ಹೊತ್ತಿನಲ್ಲಿ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ, ಉಪವಾಸದ ಮೇಲಿನ ಭಾರಿ ಸಿಹಿಯೂಟವೇ ಅದನ್ನು ಕೆಣಕುತ್ತಿರಬಹುದು ಎಂದರು. ತಮ್ಮ ಸಿಡಿದೆದ್ದ. “ಪ್ರಸಾದದಿಂದ ಕೇಡೇ? ಅಣ್ಣಯ್ಯ, ದೋಷ ನನ್ನ ಮೈಯಲ್ಲಿದೆ ಅಂತ ತೋರಿಸಲಿ, ಒಪ್ಪಿಕೊಳ್ತೀನಿ.” ಹಾಗೆಂದೇ ತೊಡೆಯ ಸ್ನಾಯುವಿನ ಚೂರೊಂದನ್ನು ಪರೀಕ್ಷೆಗೆ ಕೊಟ್ಟ.

ಕೆಲವು ವಾರಗಳ ಮೇಲೆ ಪ್ರಯೋಗಾಲಯದಲ್ಲಿ ಪಾಂಡವಪುರದ ಕಡೆಯ ಸಂಶೋಧಕಿಯೊಬ್ಬಳು ನಮ್ಮಿಬ್ಬರಿಗೂ ಪರದೆಯ ಮೇಲೆ ಆ ಚೂರಿನ ಚಿತ್ರ ತೋರಿಸಿದಳು. ಕಪ್ಪು ನೆಲದಲ್ಲಿ ಹಸಿರು ಚುಕ್ಕಿಗಳ ಸಾಲು.

“ಸ್ನಾಯು ಬಿಗೀಬೇಕಂದ್ರೆ ಕ್ಯಾಲ್ಸಿಯಂ ಬೇಕು ಸ್ವಾಮಿ. ಅದಕ್ಕೆ ಬಾಗ್ಲು ಇದ್ದಂಗೆ ಒಂದು ಪ್ರೋಟೀನು. ಇಂಥ ಕಾಯಿಲೇಲಿ ಎಷ್ಟೋ ಜನಕ್ಕೆ ಆ ಬಾಗ್ಲೇ ಕೆಟ್ಟಿರ್ತದೆ. ಅಂಗೇ ನೋಡಿದ್ರೆ ಕಾಣಾಕಿಲ್ಲ. ಅದನ್ನೇ ಹುಡುಕ್ಕೊಂಡೋಗಿ ಅಂಟ್ಕೊಳ್ಳೋ ಪ್ರತಿಕಾಯ, ಅದೇ ಆಂಟಿಬಾಡಿ, ಹಾಕ್ತೀವಿ. ಆ ಪ್ರತಿಕಾಯಕ್ಕೆ ಇನ್ನೊಂದು ಅಂಟ್ಕೊತದೆ, ಹೊಳೆಯೋ ಬಣ್ಣ ಹೊತ್ಕೊಂಡು. ಹಸಿರು ಕಂಡ ಕಡೆ ಬಾಗ್ಲು ಅದೆ ಅಂತ.”

“ಮೊದಲನೆಯದು ಎಲ್ಲಿಂದ ಬಂತಮ್ಮ?” ಎಂದೆ ನಾನು.

“ಮೊಲದ ರಕ್ತದಿಂದ.”

ನಾನು ಮನಸ್ಸಿನಲ್ಲೇ ಹರಿಸ್ಮರಣೆ ಮಾಡಿದೆ. ಮುಂದಿನ ಚಿತ್ರ ಬರೀ ಕತ್ತಲು. ಯಂತ್ರ ಕೆಟ್ಟಿತೇ ಎಂದು ಕೇಳಿದೆ.

“ಇಲ್ಲ ಸ್ವಾಮಿ, ಅದೇ ಚೂರು, ಇದಕ್ಕೆ ಮೊದಲ ಪ್ರತಿಕಾಯ ಹಾಕಿಲ್ಲ. ಇದು ಕತ್ಲಾಗಿದ್ರೇನೇ ಆ ಹಸಿರು ನಂಬಬೋದು.”

ಅದು ಅರ್ಥವಾಯಿತು, ನಮ್ಮ ತರ್ಕಶಾಸ್ತ್ರವೂ ಇರುವಿಕೆಯನ್ನು ಇಲ್ಲದಿರುವಿಕೆಯಿಂದ ಒರೆಹಚ್ಚುತ್ತದೆ. ಆದರೆ ಮೂರನೆಯ ಚಿತ್ರ ಆರೋಗ್ಯವಂತನೊಬ್ಬನದು. ಕನ್ನಡಕ ಒರೆಸಿ ನೋಡಿದರೂ ತಮ್ಮನದಕ್ಕೂ ಅದಕ್ಕೂ ಭೇದ ಕಾಣಲಿಲ್ಲ.

ತಮ್ಮನ ಮುಖ ಬಾಡಿತು. “ಬಾಗಿಲುಗಳೆಲ್ಲ ಇವೆಯಲ್ಲ! ಹಾಗಾದರೆ ನನ್ನಲ್ಲಿ ದೋಷವಿಲ್ಲ. ತಪ್ಪು ಪ್ರಸಾದದ್ದೇ ಆಯಿತೆ?”

“ಅಯ್ಯೋ, ಅಂಗಲ್ಲ ಸ್ವಾಮಿ. ನಿಮ್ಮ ಗುಡಿಗೂ ಬಾಗ್ಲು ಅದೆ. ನೀವೇ ಹೇಳಿದ್ರಲ್ಲ, ಅವತ್ತು ತೆರೀತಾ?”

ತಮ್ಮ ಬೇಸರದಲ್ಲೂ ನಕ್ಕುಬಿಟ್ಟ. “ಸರಿಯಾಗಿ ಚುಚ್ಚಿದಿರಿ ತಾಯಿ.”

“ಬಾಗ್ಲು ಎಲ್ಲದೆ ಅಂತ ಇದು ಹೇಳ್ತದೆ. ಎಂಗೆ ಕೆಲ್ಸ ಮಾಡ್ತದೆ ಅಂತ ಹೇಳಾಕಿಲ್ಲ. ಅದಕ್ಕೆ ಜೀನ್ ಪರೀಕ್ಷೆ ಮಾಡ್ಬೇಕು. ಅಲ್ಲೀಗಂಟ ಡಾಕ್ಟ್ರು ಹೇಳ್ದಂಗೆ ಕೇಳಿ. ಪ್ರಸಾದ ಬುಡಿ ಅಂತ ಯಾರು ಅಂದ್ರು? ಕಮ್ಮಿ ತಿನ್ನಿ ಅಂದ್ರು.”

ಬಸ್ಸಿನಲ್ಲಿ ತಮ್ಮ ಕೇಳಿದ: “ಅಣ್ಣಯ್ಯ, ನಿನಗೇನು ಅರ್ಥವಾಯಿತು?” ಇದೆ ಎಂದು ಕಣ್ಣಾರೆ ಕಂಡದ್ದು ಇಲ್ಲದಂತೆ ವರ್ತಿಸುವುದು ಹೇಗೆ? ಒಂದೇ ಪೊಂಗಲು ಊರಿಗೆಲ್ಲ ಬಲವಾಗಿ, ಇವನೊಬ್ಬನಿಗೆ ಬಂಧನವಾಗುವುದು ಹೇಗೆ?

ಮುಂದಿನ ವಿಶೇಷ ಪೂಜೆಗೆ ನಾನೂ ಹೋಗಿದ್ದೆ. ವೈದ್ಯರ ಮಾತಿನಂತೆ ಅವನು ದೀರ್ಘ ಉಪವಾಸ ಮಾಡಲಿಲ್ಲ. ಪೂಜೆ ಮುಗಿದ ಮೇಲೆ ಪೊಂಗಲನ್ನು ತುಳಸೀದಳದಷ್ಟು ತೆಗೆದು ಕಣ್ಣಿಗೊತ್ತಿ ಸ್ವೀಕರಿಸಿ, ಉಳಿದದ್ದನ್ನೆಲ್ಲ ಬಂದವರ ಎಲೆಗೆ ಬಡಿಸಿದ. ಅವನ ಹೆಂಡತಿ ಅಭ್ಯಾಸಬಲದಿಂದ ಇನ್ನೊಂದು ಸೌಟು ಹಿಡಿದು ಬಂದವಳು, ತಾನೇ ನಾಲಿಗೆ ಕಚ್ಚಿಕೊಂಡು ಹಿಂದಿರುಗಿದಳು.

ಮುಂಜಾನೆ ನನಗೆ ಎಚ್ಚರವಾದದ್ದು ಗುಡಿಯ ಗಂಟೆಯಿಂದ. ಬಾರಿಸುತ್ತಿದ್ದವನು ತಮ್ಮನೇ.

ಜೀನ್ ಪರೀಕ್ಷೆಯ ಫಲ ಇನ್ನೂ ಬಂದಿಲ್ಲ. ನನ್ನ ಗೊಂದಲವೂ ತೀರಿಲ್ಲ. ಆದರೂ ಆ ವೈದ್ಯರು, ಪಾಂಡವಪುರದ ಆ ಮಗಳು, ಗುರುತಿಲ್ಲದ ಆ ಆರೋಗ್ಯವಂತ, ತನ್ನ ರಕ್ತದಿಂದ ಪ್ರತಿಕಾಯವನ್ನಿತ್ತ ಮೊಲ, ಸೌಟು ಹಿಂದಕ್ಕೊಯ್ದ ಕೈ — ಎಲ್ಲಕ್ಕೂ ಎಲ್ಲರಿಗೂ ಶ್ರೇಯಸ್ಸಾಗಲಿ.