ಹೆಸರೇ ಸಾಕು

ನನ್ನ ಹೆಸರು ಸಾಕಮ್ಮ. ಮಕ್ಕಳು ಸಾಕು ಎನ್ನುವವರಿಗೂ ಸದ್ಯಕ್ಕೆ ಬೇಡ ಎನ್ನುವವರಿಗೂ ದಾರಿ ಹೇಳುವುದು ನನ್ನ ಕೆಲಸ. ಬಳ್ಳಾರಿಯ ಒಂದು ಸಣ್ಣ ಸಲಹಾ ಕೇಂದ್ರದಲ್ಲಿ ಕೂರುತ್ತೇನೆ; ವಾರಕ್ಕೊಮ್ಮೆ ಸಿರುಗುಪ್ಪ, ಇನ್ನೊಮ್ಮೆ ಕುರುಗೋಡು. ಹೆಸರಿಗೂ ಕೆಲಸಕ್ಕೂ ಇಷ್ಟು ಚೆನ್ನಾಗಿ ಜಾತಕ ಕೂಡಿದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಕುರುಗೋಡಿನ ಹಿರಿಯರೊಬ್ಬರು ಇದು ಸರ್ಕಾರವೇ ಕೊಟ್ಟ ಹೆಸರೆಂದು ನಂಬಿದ್ದರು. "ಪೊಲೀಸ್ರಿಗೆ ಖಾಕಿ ಕೊಟ್ಟಂಗ ಇವ್ರಿಗೆ ಹೆಸ್ರು ಕೊಟ್ಟಾರ್ರೀ," ಎಂದು ಅವರು ಪಕ್ಕದವರಿಗೆ ವಿವರಿಸುತ್ತಿದ್ದಾಗ ನಾನು ತಿದ್ದಲು ಹೋಗಲಿಲ್ಲ. ಖಾಕಿಯ ಮರ್ಯಾದೆ ನನಗೂ ಸ್ವಲ್ಪ ಸಿಗಲಿ ಎಂಬ ಆಸೆ.

ನಿಜ ಸಂಗತಿ ಬೇರೆ. ನಾನು ನಮ್ಮ ಮನೆಯ ನಾಲ್ಕನೇ ಹೆಣ್ಣು. ಮಾತ್ರೆ, ಕಾಪರ್-ಟಿ ಎಂಬ ವಂಕಿ ಎಲ್ಲ ನಮ್ಮ ಓಣಿಗೆ ಬರುವ ಮೊದಲು ಚಾಲ್ತಿಯಲ್ಲಿದ್ದ ಕುಟುಂಬ ಯೋಜನೆ ಎಂದರೆ ಹೆಸರಿಡುವುದು. ಹೆಣ್ಣು ಸಾಕಾಯಿತೆಂದು ದೇವರಿಗೆ ತಿಳಿಯಲಿ ಎಂದು ಕೂಸಿಗೆ ಸಾಕಮ್ಮ ಎಂದಿಟ್ಟು ಗಂಡಿನ ದಾರಿ ಕಾಯುವುದು. ಖರ್ಚಿಲ್ಲ, ಅಡ್ಡ ಪರಿಣಾಮವೆಲ್ಲ ಕೂಸಿಗೇ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗುತ್ತ "ಸಾಕಮ್ಮ" ಎಂದೊಡನೆ ಹಿಂದಿನ ಬೆಂಚಿನವರು "ಹಂಗಾದ್ರ ಮನಿಗೆ ಹೋಗ್ತೀವ್ರೀ ಸರ್" ಎಂದು ಚೀಲ ಎತ್ತುತ್ತಿದ್ದರು.

ನನ್ನ ವಿಷಯದಲ್ಲಿ ಈ ವಿಧಾನ ಕೈಕೊಟ್ಟಿತು. ನನ್ನ ಬೆನ್ನಿಗೆ ಮತ್ತೊಂದು ಹೆಣ್ಣೇ ಹುಟ್ಟಿತು. ದೇವರಿಗೆ ಕನ್ನಡ ಬರುವುದಿಲ್ಲವೇನೋ ಎಂದು ನಮ್ಮಜ್ಜಿಗೆ ಅನುಮಾನ. ಆಕೆಯ ತವರು ಆಂಧ್ರದ ಆದವಾನಿ. ತಂಗಿಗೆ ತೆಲುಗಿನಲ್ಲಿ ಚಾಲಮ್ಮ ಎಂದಿಟ್ಟಳು. ತೆಲುಗಿನಲ್ಲಿ ‘ಚಾಲು’ ಎಂದರೆ ಸಾಕು, ಸರಿ. ಆದರೆ ನಮ್ಮ ಕನ್ನಡದಲ್ಲಿ ಮೋಟಾರು ಚಾಲು, ಫ್ಯಾನು ಚಾಲು! ಅಷ್ಟರಲ್ಲಿ ದೇವರು ಕನ್ನಡ ಕಲಿತುಬಿಟ್ಟಿದ್ದನೆಂದು ಕಾಣುತ್ತದೆ, ಯಂತ್ರ ನಿಲ್ಲಿಸಲೇ ಇಲ್ಲ. ಆರನೆಯದು ಗಂಡಾಯಿತು.

ಕಳೆದ ತಿಂಗಳು ಸಿರುಗುಪ್ಪದಲ್ಲಿ, ಅಕ್ಕಿ ಗಿರಣಿಯ ಹಿಂದಿನ ಓಣಿಯ ಒಂದು ಮನೆಗೆ ಹೋಗಿದ್ದೆ. ಹುಲಿಗೆಮ್ಮ ಎಂಬ ಹುಡುಗಿ ಮೂರನೇ ಹೆಣ್ಣು ಹೆತ್ತು ಮಲಗಿದ್ದಳು. ಮೈಯಲ್ಲಿ ರಕ್ತವಿಲ್ಲ, ಇನ್ನೊಂದು ಬಸಿರಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅತ್ತೆ ಈರಮ್ಮನಿಗೆ ಮಾತ್ರ ಮೊಮ್ಮಗ ಬೇಕೇ ಬೇಕು. ಗಿರಣಿಯಿಂದ ಬಂದ ಗಂಡ ಹೊಸ್ತಿಲ ಮೇಲೆ ಕೂತು, ತಾಯಿಯ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡದೆ ತನ್ನ ಕಾಲುಬೆರಳು ನೋಡಿಕೊಳ್ಳುತ್ತಿದ್ದ.

ನಾನು ವಂಕಿಯ ಮಾತು ತೆಗೆದೆ. "ಬಂಗಾರದ ರೇಟು ಕೇಳೀರೇನವ್ವಾ? ತೋಳಿಗೆ ವಂಕಿ ಹಾಕಾಕ ನಾವೇನು ಸಾವುಕಾರ್ರಾ?" ಎಂದಳು ಈರಮ್ಮ. ಇದು ತೋಳಿನದಲ್ಲ, ಗರ್ಭದೊಳಗೆ ಇಡುವುದು, ಬೇಡವೆಂದಾಗ ತೆಗೆಸಬಹುದು ಎಂದು ತಿಳಿಸಿದೆ. ಗಂಡಸರ ಆಪರೇಷನ್ನೂ ಬಲು ಸುಲಭ ಎಂದು ಸೇರಿಸಿದೆ. ಗಂಡ ಹೊಸ್ತಿಲಿನಿಂದ ಅಂಗಳಕ್ಕೆ ಜರುಗಿದ.

"ಅವೆಲ್ಲ ಯಾಕ? ಈ ಕೂಸಿಗೆ ಸಾಕಮ್ಮ ಅಂತ ಇಡ್ತೀವಿ, ಮುಂದಿಂದು ಗಂಡು ಆಗ್ತೈತಿ. ಅಂದಂಗ ನಿಮ್ಮ ಹೆಸ್ರೇನವ್ವಾ?"

ಹೇಳಿದೆ. ಈರಮ್ಮನ ಮುಖ ಅರಳಿತು. "ಹೌದಾ! ನಿಮ್ಮ ಬೆನ್ನಿಗೆ ಗಂಡು ಹುಟ್ತಾ?"

ಸುಳ್ಳು ಹೇಳಬಹುದಿತ್ತು, ನಾಲಿಗೆ ಹೊರಳಲಿಲ್ಲ. ಚಾಲಮ್ಮನ ಕಥೆಯನ್ನೂ ತಮ್ಮನ ಕಥೆಯನ್ನೂ ಹೇಳಿದೆ. "ಏನಾರ ಆಗ್ಲಿ, ಕಡೀಕ ಹುಟ್ಟಿದ್ನಲ್ಲ ಮತ್ತ!" ಎಂದು ಈರಮ್ಮ ತೊಡೆ ತಟ್ಟಿದಳು. ನಾನು ಪಡೆದ ತರಬೇತಿಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನನ್ನ ಹೆಸರಿನ ಮೇಲೆ ನನಗೇ ಸಿಟ್ಟು ಬಂತು.

ಆಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಹುಲಿಗೆಮ್ಮ ತಿರುಗಿದಳು.

"ಅಕ್ಕಾ, ಸಾಕು ಅಂದಾಕಿ ಯಾರು? ನಿಮ್ಮವ್ವನಾ?"

"ಅಲ್ಲವ್ವಾ, ನಮ್ಮಜ್ಜಿ."

"ನಿಮ್ಮವ್ವನ್ನ ಯಾರೂ ಕೇಳ್ಲಿಲ್ಲೇನು?"

ಇಷ್ಟು ವರ್ಷ ಊರೂರು ತಿರುಗಿ ಸಲಹೆ ಹಂಚಿದ ನನಗೆ ಇದು ಹೊಳೆದೇ ಇರಲಿಲ್ಲ. ಆರು ಹೆತ್ತ ಮೇಲೆ ಅವ್ವ ಸೊಂಟ ಹಿಡಿದುಕೊಂಡೇ ನಡೆದಳು. ಆಕೆಗೆ ಎಷ್ಟು ಬೇಕಿತ್ತೋ, ಎಲ್ಲಿಗೆ ಸಾಕಾಗಿತ್ತೋ ನನಗೆ ಗೊತ್ತಿಲ್ಲ. "ಇಲ್ಲವ್ವಾ, ಯಾರೂ ಕೇಳ್ಲಿಲ್ಲ," ಎಂದೆ. ಅಳು ಬಂದುಬಿಟ್ಟಿತ್ತು.

ಹುಲಿಗೆಮ್ಮ ಕೂಸನ್ನು ಎತ್ತಿಕೊಂಡು ಎದ್ದು ಕೂತಳು. "ಅತ್ತೀ, ನನಗ ಸಾಕು," ಎಂದಳು.

ದನಿ ಸಣ್ಣದು, ಆದರೂ ಅಂಗಳದಲ್ಲಿದ್ದ ಗಂಡನಿಗೆ ಕೇಳಿಸಿತು. ಅವನು ಒಳಗೆ ಬಂದ. "ಡಾಕ್ಟ್ರು ಹೇಳಿದ್ದು ನಾನೂ ಕೇಳೀನಿ ಯವ್ವಾ. ಆಕಿ ಸಾಕಂದ್ರ ಸಾಕು."

ಈರಮ್ಮ ಒಮ್ಮೆ ಮಗನನ್ನು, ಒಮ್ಮೆ ಸೊಸೆಯನ್ನು, ಕೊನೆಗೆ ಎಲ್ಲಕ್ಕೂ ನಾನೇ ಕಾರಣ ಎಂಬಂತೆ ನನ್ನನ್ನು ದುರುಗುಟ್ಟಿ ನೋಡಿದಳು. ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಸೊಸೆಯ ಮಡಿಲಿನಿಂದ ಕೂಸನ್ನು ಎತ್ತಿಕೊಂಡಳು.

"ಆತು ತಗಾ. ಸಾಕು ಅನ್ನೂ ಮಾತು ನೀನ ಆಡಿದ ಮ್ಯಾಲ ಇದಕ್ಯಾಕ ಆ ಹೆಸ್ರು? ಕೂಸಿಗೆ ಬ್ಯಾರೆ ಚಂದದ ಹೆಸ್ರು ಹುಡುಕ್ರಿ."